ತಂಬಾಕು ಬಿಡುವ ಮನಸ್ಸನ್ನು ಅಳೆಯುವುದು ಹೇಗೆ? ಸಮೀಕ್ಷೆಗೆ ಹೊರಟವರಿಗೆ ಒಂದು ಮಾರ್ಗದರ್ಶಿ

"ತಂಬಾಕು ತಿಂದರೆ ಕ್ಯಾನ್ಸರ್ ಬರುತ್ತದೆ ಅಂತ ನಿಮಗೆ ಗೊತ್ತೇ?"

ನಮ್ಮ ಕಡೆ ನರ್ಸಿಂಗ್ ಮತ್ತು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಅಂತ ಊರೊಳಗೆ ಹೋದಾಗ ಮೊದಲು ಕೇಳುವ ಪ್ರಶ್ನೆ ಇದು. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಹಮಾಲರನ್ನು ಕೇಳಿ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತವರನ್ನು ಕೇಳಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ಕೇಳಿ. "ಗೊತ್ತೈತ್ರಿ" ಅನ್ನುವ ಉತ್ತರವೇ ಜಾಸ್ತಿ ಬರುತ್ತದೆ. ಗೊತ್ತಿಲ್ಲದೆ ಏನು? 2016ರಿಂದ ತಂಬಾಕಿನ ಪ್ಯಾಕೆಟ್ಟಿನ ಶೇಕಡಾ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಮತ್ತು ಬರಹವೇ ಇದೆ. ಆ ಚಿತ್ರವನ್ನು ಹರಿದೇ ಅವರು ಪುಡಿಯನ್ನು ಅಂಗೈಗೆ ಸುರಿದುಕೊಳ್ಳುತ್ತಾರೆ.

ಹಾಗಾದರೆ ಅಡಚಣೆ ಇರುವುದು ತಿಳುವಳಿಕೆಯಲ್ಲಿ ಅಲ್ಲ, ಬೇರೆ ಎಲ್ಲೋ. ಅದು ಎಲ್ಲಿ ಅಂತ ಹುಡುಕುವುದಕ್ಕೇ ನಡವಳಿಕೆ ಬದಲಾವಣೆಯ ಸಿದ್ಧಾಂತಗಳು ಇರುವುದು. ಅವನ್ನು ಪರೀಕ್ಷೆಗೆ ಓದಿ ಬರೆಯುವುದು ಒಂದು ಕೆಲಸ. ನಮ್ಮ ಓಣಿಯಲ್ಲಿ, ನಮ್ಮ ಮಾತಿನಲ್ಲಿ ಅಳೆಯುವುದು ಬೇರೆಯೇ ಕೆಲಸ. ಇಲ್ಲಿ ಬರೆದಿರುವುದು ಆ ಎರಡನೆಯ ಕೆಲಸದ ಬಗ್ಗೆ. ಬಾಯಲ್ಲಿ ಹಾಕಿಕೊಳ್ಳುವ ತಂಬಾಕನ್ನೇ ಉದಾಹರಣೆಯಾಗಿ ಹಿಡಿದಿದ್ದೇನೆ. ಬಿಪಿ ಮಾತ್ರೆ ತಪ್ಪದೆ ನುಂಗುವುದಕ್ಕೂ ಸಕ್ಕರೆ ಕಾಯಿಲೆಯವರ ನಡಿಗೆಗೂ ಇದೇ ದಾರಿ.

ಮೊದಲು: ಯಾವ ನಡವಳಿಕೆ ಅಂತ ಬಿಡಿಸಿ ಬರೆಯಿರಿ

"ತಂಬಾಕು ಬಿಡುವುದು" ಅಂದರೆ ಸಾಲದು. ಯಾರು, ಯಾವುದನ್ನು, ಎಲ್ಲಿ, ಎಷ್ಟು ದಿನ ಅಂತ ನಾಲ್ಕೂ ಬೇಕು. "ಎಪಿಎಂಸಿಯ ಹಮಾಲರು, ಮನೆಯಲ್ಲೂ ಕೆಲಸದ ಜಾಗದಲ್ಲೂ, ಯಾವ ರೂಪದ ತಂಬಾಕನ್ನೂ, ಮುಂದಿನ 30 ದಿನ ಬಾಯಿಗೆ ಹಾಕದಿರುವುದು." ಇಷ್ಟು ಬರೆದ ಮೇಲೆಯೇ ಪ್ರಶ್ನೆಗಳ ಯೋಚನೆ.

ಇಲ್ಲಿ "ಯಾವುದನ್ನು" ಅನ್ನುವುದರಲ್ಲೇ ನಮ್ಮ ಹುಡುಗರು ಜಾಸ್ತಿ ಎಡವುವುದು. ಕರ್ನಾಟಕದಲ್ಲಿ 2013ರಲ್ಲಿ ಗುಟಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪ್ಯಾಕೆಟ್ಟಿನಲ್ಲಿ, ತಂಬಾಕು ಇನ್ನೊಂದು ಪ್ಯಾಕೆಟ್ಟಿನಲ್ಲಿ ಮಾರಾಟಕ್ಕೆ ಬಂತು. ಕೊಂಡವರು ಎರಡನ್ನೂ ತಾವೇ ಕಲಸಿಕೊಳ್ಳುತ್ತಾರೆ. "ಗುಟಕಾ ತಿನ್ನುತ್ತೀರಾ?" ಅಂತ ಕೇಳಿದರೆ "ಇಲ್ರಿ" ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತಪ್ಪು ಇರುವುದು ನಮ್ಮ ಪ್ರಶ್ನೆಯಲ್ಲಿ. ಹಲ್ಲಿಗೆ ಮಿಶ್ರಿ (ಸುಟ್ಟ ತಂಬಾಕಿನ ಪುಡಿ) ಹಚ್ಚುವ ಅಜ್ಜಿಯದೂ ಹಾಗೇ. "ನಾ ತಂಬಾಕ ತಿನ್ನಂಗಿಲ್ಲವ್ವ, ಹಲ್ಲು ತಿಕ್ಕತೀನಿ ಅಷ್ಟ" ಅಂತ ಒಬ್ಬರು ನನಗೇ ಹೇಳಿದ್ದರು. ಅವರ ಮಟ್ಟಿಗೆ ಮಿಶ್ರಿ ಅನ್ನುವುದು ಹಲ್ಲುಪುಡಿ. ಆದ್ದರಿಂದ ಒಂದೊಂದನ್ನೂ ಹೆಸರು ಹಿಡಿದು ಕೇಳಿ: ಸುಣ್ಣ ಹಚ್ಚಿ ತಿಕ್ಕಿದ ತಂಬಾಕು, ಎಲೆ ಅಡಿಕೆಯ ಜೊತೆಗಿನ ತಂಬಾಕು, ಜರ್ದಾ, ಮಾವಾ, ಎರಡು ಪ್ಯಾಕೆಟ್ ಕಲಸಿದ್ದು, ಮಿಶ್ರಿ, ನಶ್ಯ. ಖಾಲಿ ಪ್ಯಾಕೆಟ್ಟುಗಳನ್ನು ಒಂದು ರಟ್ಟಿಗೆ ಅಂಟಿಸಿಕೊಂಡು ಹೋದರೆ ಇನ್ನೂ ಚೆನ್ನ. ಬೆರಳಿಟ್ಟು ತೋರಿಸುತ್ತಾರೆ.

ಬರಿಯ ಅಡಿಕೆಯನ್ನೂ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಅಡಿಕೆ ಕೂಡ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ತಂಬಾಕು ಬಿಟ್ಟು ಅಡಿಕೆ ಜಾಸ್ತಿ ಮಾಡಿದವರನ್ನು ಸುಮ್ನೆ "ಬಿಟ್ಟವರು" ಅಂತ ಬರೆದು ಮುಗಿಸುವುದು ಸರಿಯಲ್ಲ, ಅಲ್ವಾ?

ಆಮೇಲೆ: ಪ್ರಶ್ನಾವಳಿ ಬದಿಗಿಟ್ಟು ಹತ್ತು ಹದಿನೈದು ಜನರ ಮಾತು ಕೇಳಿ

ಅಂತರ್ಜಾಲದಿಂದ ಇಳಿಸಿಕೊಂಡ ಇಂಗ್ಲಿಷ್ ಪ್ರಶ್ನಾವಳಿಯನ್ನು ಅನುವಾದ ಮಾಡಿ ಶುರುಮಾಡುವವರೇ ಹೆಚ್ಚು. ಹಾಗೆ ಮಾಡಬೇಡಿ. ಚಹಾದ ಅಂಗಡಿಯ ಕಟ್ಟೆಯ ಮೇಲೆ ಕೂತು ಮೂರೇ ವಿಷಯ ಕೇಳಿ. ತಂಬಾಕು ಬಿಟ್ಟರೆ ಏನು ಒಳ್ಳೆಯದಾಗುತ್ತದೆ, ಏನು ಕೆಟ್ಟದಾಗುತ್ತದೆ? ನೀವು ಬಿಟ್ಟರೆ ಯಾರಿಗೆ ಸಂತೋಷ, ಯಾರಿಗೆ ಬೇಸರ? ಬಿಡುವುದನ್ನು ಸುಲಭ ಮಾಡುವುದು ಯಾವುದು, ಕಷ್ಟ ಮಾಡುವುದು ಯಾವುದು?

ಬಂದ ಉತ್ತರವನ್ನು ತಿದ್ದದೆ ಹಾಗೇ ಬರೆದುಕೊಳ್ಳಿ. ಒಂದು ಸಲ ನಾನು ಕೇಳಿಸಿಕೊಂಡ ಮಾತುಗಳು ಇವು: "ಮುಂಜಾನೆ ಒಂದ್ ಚಿಟಿಕಿ ಹಾಕಲಿಲ್ಲಂದ್ರ ಹೊಟ್ಟಿ ಸಾಫ್ ಆಗಂಗಿಲ್ರಿ." "ಚೀಲ ಹೊರೋ ಹೊತ್ನ್ಯಾಗ ಹಸಿವು ಗೊತ್ತಾಗಂಗಿಲ್ಲ." "ಹಲ್ಲು ನೂಸ್ತಿತ್ತು, ಅವಾಗ ಹಿಡಿದದ್ದು." "ದೋಸ್ತ ಕೈ ಮುಂದ ಮಾಡಿದ್ರ ಹ್ಯಾಂಗ ಒಲ್ಲೆ ಅನ್ನೂದ್ರಿ?"

ಹೊಟ್ಟೆ ಸಾಫ್ ಆಗುವ ಮಾತು ಹೊರಗಿನ ಪ್ರಶ್ನಾವಳಿಯಲ್ಲಿ ಸಿಗುವುದು ಅಪರೂಪ. ಆದರೆ ನಮ್ಮ ಹಮಾಲರನ್ನು ಬೆಳಿಗ್ಗೆ ಐದಕ್ಕೇ ಸೋಲಿಸುವುದು ಅದೇ. ಈ ಹಂತ ಬಿಟ್ಟವರ ಅಳತೆಯಲ್ಲಿ ಅದು ಬರುವುದೇ ಇಲ್ಲ.

ಯಾವ ಸಿದ್ಧಾಂತ, ಯಾವ ಪ್ರಶ್ನೆ?

ಎಲ್ಲ ಸಿದ್ಧಾಂತಗಳನ್ನೂ ಒಂದೇ ಪ್ರಶ್ನಾವಳಿಗೆ ತುರುಕಬೇಡಿ. ನಿಮ್ಮ ಸಂದರ್ಶನಗಳಲ್ಲಿ ಏನು ಜಾಸ್ತಿ ಕೇಳಿಬಂತು ಅನ್ನುವುದನ್ನು ನೋಡಿ ಆರಿಸಿ.

ಆರೋಗ್ಯ ನಂಬಿಕೆಯ ಮಾದರಿ ಹುಟ್ಟಿದ್ದು 1950ರ ದಶಕದಲ್ಲಿ, ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ. ಕ್ಷಯರೋಗಕ್ಕೆ ಪುಕ್ಕಟೆ ಎಕ್ಸ್‌ರೇ ತೆಗೆಯುತ್ತಿದ್ದರೂ ಜನ ಬರುತ್ತಿರಲಿಲ್ಲ. ಯಾಕೆ ಅಂತ ಹಾಕ್‌ಬಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರು ಹುಡುಕಿದರು. ನಮ್ಮ ಊರಿನ ಉಚಿತ ತಪಾಸಣಾ ಶಿಬಿರದಲ್ಲಿ ಕುರ್ಚಿಗಳು ಖಾಲಿ ಉಳಿದಾಗ ನನಗೆ ಈ ಕತೆಯೇ ನೆನಪಾಗುತ್ತದೆ. ಅವರು ಕಂಡುಕೊಂಡದ್ದು ಇಷ್ಟು. ರೋಗ ತನಗೇ ಬರಬಹುದು ಅಂತ ಅನ್ನಿಸಬೇಕು. ಬಂದರೆ ದೊಡ್ಡ ತೊಂದರೆ ಅಂತ ಅನ್ನಿಸಬೇಕು. ಬದಲಾದರೆ ಲಾಭ ಇದೆ ಅನ್ನಿಸಬೇಕು. ಅಡ್ಡಿಗಳು ಆ ಲಾಭಕ್ಕಿಂತ ಸಣ್ಣದಾಗಿ ಕಾಣಬೇಕು. ಜೊತೆಗೆ ಯಾವುದೋ ಒಂದು ತಟ್ಟಿ ಎಬ್ಬಿಸಬೇಕು. ನೆರೆಮನೆಯವರಿಗೆ ಬಾಯಿ ತೆರೆಯಲು ಆಗದಂತಾಯಿತು ಅನ್ನುವ ಸುದ್ದಿಯೂ ಆಗಬಹುದು, ಡಾಕ್ಟರ ಒಂದು ಮಾತೂ ಆಗಬಹುದು. ತನ್ನ ಕೈಲಾಗುತ್ತದೆ ಅನ್ನುವ ಧೈರ್ಯ ಈ ಪಟ್ಟಿಗೆ ಸೇರಿದ್ದು 1988ರಲ್ಲಿ.

ಪ್ರಶ್ನೆ ಬರೆಯುವಾಗ "ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ" ಮತ್ತು "ನಾನು ಹೀಗೇ ತಿನ್ನುತ್ತಿದ್ದರೆ ನನಗೆ ಬರುತ್ತದೆ" ಇವೆರಡನ್ನೂ ಬೇರೆ ಬೇರೆ ಇಡಿ. ಮೊದಲನೆಯದಕ್ಕೆ ತಲೆ ಆಡಿಸಿದವರೇ ಎರಡನೆಯದಕ್ಕೆ "ನಮ್ಮಜ್ಜ ತೊಂಬತ್ತು ವರ್ಷ ತಿಂದ್ರಿ, ಏನೂ ಆಗಲಿಲ್ಲ" ಅಂತಾರೆ. ನೀವು ಅಳೆಯಬೇಕಾದ್ದು ಆ ಎರಡರ ನಡುವಿನ ಅಂತರ.

ಯೋಜಿತ ನಡವಳಿಕೆಯ ಸಿದ್ಧಾಂತ ಐಸೆಕ್ ಐಜೆನ್ ಅವರದು. 1985ರಲ್ಲಿ ಮಂಡಿಸಿ, 1991ರಲ್ಲಿ ವಿಸ್ತಾರವಾಗಿ ಬರೆದರು. ನಡವಳಿಕೆಗೆ ಹತ್ತಿರದ ಕಾರಣ ಉದ್ದೇಶ. ಆ ಉದ್ದೇಶಕ್ಕೆ ಮೂರು ಬೇರು: ತನಗೆ ಅದು ಹೇಗೆ ಕಾಣುತ್ತದೆ, ತನ್ನವರು ಏನಂತಾರೆ, ತನ್ನ ಹಿಡಿತದಲ್ಲಿ ಇದೆಯೋ ಇಲ್ಲವೋ. ನಮ್ಮ ಭಾಗದಲ್ಲಿ ನಡುವಿನ ಬೇರು ಬಹಳ ಆಳ. ಗುರುತಿಲ್ಲದ ಇಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಮಾತಿಗಿಳಿಯುವುದೇ "ಸುಣ್ಣ ಐತೇನ್ರಿ" ಅಂತ. ಹಾಗಾಗಿ ಇದನ್ನು ಎರಡು ಪ್ರಶ್ನೆಯಾಗಿ ಒಡೆಯಿರಿ. "ನಿಮ್ಮ ಮನೆಯವರು ನೀವು ಬಿಡಬೇಕು ಅಂತಾರಾ?" ಇದು ಒಂದು. "ನಿಮ್ಮ ಜೊತೆ ಕೆಲಸ ಮಾಡುವ ಹತ್ತು ಜನರಲ್ಲಿ ಎಷ್ಟು ಜನ ತಿನ್ನುತ್ತಾರೆ?" ಇದು ಇನ್ನೊಂದು. ಮನೆಯಲ್ಲಿ ಬೇಡ ಅನ್ನುವವರು, ಯಾರ್ಡಿನಲ್ಲಿ ಕೈ ಮುಂದೆ ಮಾಡುವವರು. ಮನುಷ್ಯ ಇಬ್ಬರ ನಡುವೆಯೂ ಇರುತ್ತಾನೆ.

ಹಂತಗಳ ಮಾದರಿಯನ್ನು ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ ಸಿಗರೇಟು ಬಿಡುವವರನ್ನು ಅಭ್ಯಾಸ ಮಾಡಿ ರೂಪಿಸಿದರು. ಅವರ ಮುಖ್ಯ ಲೇಖನ 1983ರದು. ಈಗ ಬಳಕೆಯಲ್ಲಿರುವ ಹಂತಗಳು ಐದು. ಆರು ತಿಂಗಳಲ್ಲಿ ಬಿಡುವ ಯೋಚನೆಯೇ ಇಲ್ಲ. ಆರು ತಿಂಗಳೊಳಗೆ ಬಿಡಬೇಕು ಅಂತ ಇದೆ. 30 ದಿನದೊಳಗೆ ಬಿಡಲು ತಯಾರಿ ನಡೆದಿದೆ. ಬಿಟ್ಟು ಆರು ತಿಂಗಳು ಆಗಿಲ್ಲ. ಬಿಟ್ಟು ಆರು ತಿಂಗಳು ದಾಟಿದೆ. ನಾಲ್ಕೈದು ಪ್ರಶ್ನೆಯಲ್ಲಿ ಮುಗಿಯುವುದರಿಂದ ಆಶಾ ಕಾರ್ಯಕರ್ತೆಯರಿಗೂ ಇದು ಸುಲಭ.

ಆದರೆ ಆರು ತಿಂಗಳು ಅನ್ನುವ ಗೆರೆ ಯಾಕೆ, ಐದೂ ಅಲ್ಲ ಏಳೂ ಅಲ್ಲ ಅನ್ನುವ ಟೀಕೆ ಈ ಮಾದರಿಗೆ ಇದೆ. ಯಾವ ಯೋಜನೆಯೂ ಇಲ್ಲದೆ ಒಂದೇ ದಿನದಲ್ಲಿ ಬಿಟ್ಟವರೂ ಇದ್ದಾರೆ. ನಮ್ಮಲ್ಲಿ ಇನ್ನೂ ಒಂದು ತೊಡಕು. ಕೂಲಿ ಮಾಡುವವರಿಗೆ, ರೈತರಿಗೆ "ಆರು ತಿಂಗಳು" ಅನ್ನುವುದು ಬಾಯಿಮಾತಿನ ಲೆಕ್ಕ. ದೀಪಾವಳಿ ಹೊತ್ತಿಗೆ ಸಮೀಕ್ಷೆ ಮಾಡುತ್ತಿದ್ದರೆ "ಬರೋ ಯುಗಾದಿ ಹಿಂದುಮುಂದು ಬಿಡಬೇಕು ಅಂತ ಐತೇನ್ರಿ?" ಅಂತ ಕೇಳಿ. ಸುಮಾರು ಐದು ತಿಂಗಳಾಗುತ್ತದೆ. ಉತ್ತರ ತೂಕವಾಗಿ ಬರುತ್ತದೆ.

2011ರಲ್ಲಿ ಸೂಸನ್ ಮಿಚಿ ಮತ್ತು ಜೊತೆಗಾರರು ಕೊಟ್ಟ ಕಾಮ್-ಬಿ ಮಾದರಿಯೂ ಇದೆ. ಸಾಮರ್ಥ್ಯ, ಅವಕಾಶ, ಪ್ರೇರಣೆ ಮೂರೂ ಕೂಡಿದರೆ ನಡವಳಿಕೆ ಅನ್ನುತ್ತದೆ. ಇದರಿಂದ ನಾನು ತೆಗೆದುಕೊಳ್ಳುವುದು "ಅವಕಾಶ" ಅನ್ನುವ ಒಂದು ಮಾತು. ಅದನ್ನು ಜನರನ್ನು ಕೇಳಬೇಕಿಲ್ಲ, ನಡೆದು ಎಣಿಸಬಹುದು. ಯಾರ್ಡಿನ ಗೇಟಿನಿಂದ ನೂರು ಹೆಜ್ಜೆಯೊಳಗೆ ಎಷ್ಟು ಪಾನ್ ಅಂಗಡಿ? ಶಾಲೆ ಕಾಲೇಜಿನಿಂದ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾಯ್ದೆ ಹೇಳುತ್ತದೆ. ಅದನ್ನೂ ಎಣಿಸಿ ಬರೆದುಕೊಳ್ಳಿ.

ಧೈರ್ಯ ಅಳೆಯಲು ಹತ್ತು ಗೋವಿನಜೋಳದ ಕಾಳು

ಇದೇ ನನಗೆ ತುಂಬ ಇಷ್ಟವಾದ ಭಾಗ. ನನ್ನ ಕೈಲಿ ಇದು ಆಗುತ್ತದೆ ಅನ್ನುವ ನಂಬಿಕೆಯ ಬಗ್ಗೆ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದರು. ಅವರ ಮುಖ್ಯ ಮಾತು, ಈ ನಂಬಿಕೆ ಸಂದರ್ಭಕ್ಕೆ ತಕ್ಕಂತೆ ಏರಿಳಿಯುತ್ತದೆ ಅನ್ನುವುದು. "ನಿಮಗೆ ಬಿಡುವ ಧೈರ್ಯ ಇದೆಯೇ?" ಅಂತ ಒಂದೇ ಪ್ರಶ್ನೆ ಕೇಳಿದರೆ ಏನೂ ತಿಳಿಯುವುದಿಲ್ಲ. ಸಂದರ್ಭಗಳನ್ನು ಒಂದೊಂದಾಗಿ ಇಡಬೇಕು. ಬೆಳಿಗ್ಗೆ ಸಂಡಾಸಿಗೆ ಹೋಗುವ ಮುಂಚೆ. ಚಹಾ ಕುಡಿದ ಮೇಲೆ. ಊಟ ಆದ ಮೇಲೆ. ಗೆಳೆಯ ಕೈ ಮುಂದೆ ಮಾಡಿದಾಗ. ಚೀಲ ಹೊತ್ತು ದಣಿದಾಗ. ಮನೆಯಲ್ಲಿ ಜಗಳ ಆದಾಗ.

ಬಂಡೂರ ಇದನ್ನು ಸೊನ್ನೆಯಿಂದ ನೂರರವರೆಗೆ ಅಳೆಯಲು ಹೇಳಿದ್ದರು. ಹೊಲದಲ್ಲಿ, ಯಾರ್ಡಿನಲ್ಲಿ ಅದು ನಡೆಯುವುದಿಲ್ಲ. "ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ" ಅನ್ನುವ ಲೈಕರ್ಟ್ ಅವರ ಐದು ಮೆಟ್ಟಿಲನ್ನು ಬಾಯಿಂದ ಓದಿ ಹೇಳಿದರೂ ಅಷ್ಟೇ. ಕೇಳುವವರಿಗೆ ಕೊನೆಯದು ಮಾತ್ರ ನೆನಪಿರುತ್ತದೆ. ಅದಕ್ಕೆ ಹತ್ತು ಗೋವಿನಜೋಳದ ಕಾಳು ತೆಗೆದುಕೊಂಡು ಹೋಗಿ. ಹಾವೇರಿ ಕಡೆ ಎಲ್ಲಿ ಬೇಕಾದರೂ ಸಿಗುತ್ತದೆ. ಹೀಗೆ ಹೇಳಿ: "ಅಣ್ಣಾರ, ಊಟ ಆದಮ್ಯಾಲೆ ತಂಬಾಕ ಹಾಕದ ಇರಾಕ ಪೂರಾ ಆಗ್ತೈತಿ ಅಂದ್ರ ಹತ್ತೂ ಕಾಳು ಈ ಕಡೆ ಸರಿಸ್ರಿ. ಆಗೂದೇ ಇಲ್ಲ ಅಂದ್ರ ಒಂದೂ ಸರಿಸಬ್ಯಾಡ್ರಿ." ಮೊದಲು ಒಂದು ಅಭ್ಯಾಸದ ಪ್ರಶ್ನೆ ಮಾಡಿಸಿ. ಐವತ್ತು ಕೆಜಿ ಚೀಲ ಹೊರುವ ಧೈರ್ಯ ಎಷ್ಟು, ನೂರು ಕೆಜಿಗೆ ಎಷ್ಟು? ಹಮಾಲರಿಗೆ ತಕ್ಷಣ ಅರ್ಥವಾಗುತ್ತದೆ.

ಕಾಳು ಎಲ್ಲಿ ಕಡಿಮೆ ಸರಿಯಿತು ಅನ್ನುವಲ್ಲೇ ನಿಮ್ಮ ಸಹಾಯ ಹೋಗಬೇಕು. ಗೆಳೆಯ ಕೊಟ್ಟಾಗ ಎರಡೇ ಕಾಳು ಸರಿದಿದ್ದರೆ, ಒಲ್ಲೆ ಅನ್ನುವ ಮಾತನ್ನು ಬಾಯಿಪಾಠ ಮಾಡಿಸಿ. "ಅವನು ಕೈ ಮುಂದ ಮಾಡಿದ ಕೂಡ್ಲೇ ನಾ ಕಿಸೆದಾಗಿನ ಸೋಂಪು ತಗೀತೀನಿ." ಹೀಗೆ ಇಂಥ ಹೊತ್ತಿಗೆ ಇಂಥದ್ದು ಅಂತ ಮೊದಲೇ ಕಟ್ಟಿಟ್ಟ ಯೋಜನೆ ಉದ್ದೇಶವನ್ನು ಕೆಲಸಕ್ಕೆ ತರುತ್ತದೆ ಅಂತ ಪೀಟರ್ ಗಾಲ್‌ವಿಟ್ಜರ್ 1999ರಲ್ಲಿ ಬರೆದಿದ್ದಾರೆ.

ಪ್ರಶ್ನೆಗಳನ್ನು ಪರೀಕ್ಷಿಸುವುದು

ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಲಿ. "ತಂಬಾಕು ಆರೋಗ್ಯಕ್ಕೂ ಹಣಕ್ಕೂ ಹಾನಿ" ಅಂತ ಬೇಡ. ಇಂಗ್ಲಿಷಿನಿಂದ ತಂದ ಪ್ರಶ್ನೆಯಾದರೆ ಒಬ್ಬರು ಕನ್ನಡಕ್ಕೆ ತರಲಿ. ಮೂಲ ನೋಡದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ತರಲಿ. ಎರಡನ್ನೂ ಹೋಲಿಸಿ. ಅದಾದ ಮೇಲೂ ಐದಾರು ಜನರ ಮುಂದೆ ಓದಿ, "ಈ ಮಾತು ನಿಮಗೆ ಹ್ಯಾಂಗ ತಿಳೀತು, ನಿಮ್ಮ ಮಾತಿನ್ಯಾಗ ಹೇಳ್ರಿ" ಅಂತ ಕೇಳಿ. "ಅಪಾಯದ ಗ್ರಹಿಕೆ" ಅಂತ ಪುಸ್ತಕದ ಕನ್ನಡದಲ್ಲಿ ಬರೆದದ್ದೆಲ್ಲ ಅಲ್ಲಿ ಬಿದ್ದುಹೋಗುತ್ತದೆ.

ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ನೋಡಲು ಕ್ರೋನ್‌ಬ್ಯಾಕ್ ಆಲ್ಫಾ ಬಳಸುತ್ತಾರೆ. 1951ರಿಂದ ಬಂದ ಅಳತೆ. 0.7 ದಾಟಿದರೆ ಸಾಕು ಅನ್ನುವುದು ರೂಢಿ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಧೈರ್ಯದ ಆರು ಪ್ರಶ್ನೆಗೆ ಆಲ್ಫಾ ಸರಿ. ಯಾಕೆಂದರೆ ಆರೂ ಒಂದೇ ನಂಬಿಕೆಯಿಂದ ಹುಟ್ಟಿದವು. ಆದರೆ ಅಡ್ಡಿಗಳ ಪಟ್ಟಿಗೆ ಅದು ಹೊಂದುವುದಿಲ್ಲ. ಹೊಟ್ಟೆ ಕಟ್ಟುವುದಕ್ಕೂ ದೋಸ್ತ ಬೇಜಾರಾಗುವುದಕ್ಕೂ ಏನು ಸಂಬಂಧ? ಒಬ್ಬರಿಗೆ ಒಂದೇ ಅಡ್ಡಿ ಇರಬಹುದು. ಆಲ್ಫಾ ಕಡಿಮೆ ಬಂತು ಅಂತ ಹೊಟ್ಟೆಯ ಪ್ರಶ್ನೆಯನ್ನು ಕಿತ್ತು ಹಾಕಿದರೆ ನಿಜವಾದ ಅಡ್ಡಿಯನ್ನೇ ಕಿತ್ತಂತೆ.

ಇನ್ನೊಂದು ತಪ್ಪು: ಭಯ, ಲಾಭ, ಅಡ್ಡಿ, ಧೈರ್ಯ ಎಲ್ಲ ಕೂಡಿಸಿ "ಆರೋಗ್ಯ ನಂಬಿಕೆಯ ಅಂಕ 100ಕ್ಕೆ 65" ಅಂತ ಬರೆಯುವುದು. ಭಯ ತುಂಬ ಇದ್ದು ಧೈರ್ಯ ಇಲ್ಲದವರಿಗೂ, ಧೈರ್ಯ ಇದ್ದು ಭಯ ಇಲ್ಲದವರಿಗೂ ಅದೇ 65 ಬರಬಹುದು. ಇಬ್ಬರಿಗೆ ಬೇಕಾದ ಸಹಾಯವೇ ಬೇರೆ. ಒಂದೊಂದನ್ನೂ ಬೇರೆ ಬೇರೆಯಾಗಿಯೇ ತೋರಿಸಿ.

ಬಾಯಿಮಾತಿನ ಆಚೆ

ನಮ್ಮ ಜನ ಮರ್ಯಾದೆಯವರು. ಮನೆಬಾಗಿಲಿಗೆ ಬಂದ ಮೇಡಂಗೆ ಬೇಸರ ಆಗಬಾರದು ಅಂತ "ಬಿಟ್ಟೀನ್ರಿ" ಅಂದುಬಿಡುತ್ತಾರೆ. ಅದಕ್ಕೆ ಸಲಹೆ ಕೊಟ್ಟವರೇ ಆಮೇಲೆ ಅಳತೆಗೆ ಹೋಗಬಾರದು, ಬೇರೆಯವರು ಹೋಗಲಿ. "ತಿಂತೀರಾ?" ಅನ್ನುವ ಬದಲು "ನಿನ್ನೆ ಮುಂಜಾನಿಂದ ಮಲಗೂತನಕ ಎಷ್ಟು ಸಲ ಹಾಕ್ಕೊಂಡ್ರಿ?" ಅಂತ ಕೇಳಿ. ಒಂದು ಸಣ್ಣ ಚೀಲ ಕೊಟ್ಟು, ಒಂದು ವಾರದ ಖಾಲಿ ಪ್ಯಾಕೆಟ್ಟುಗಳನ್ನು ಅದರಲ್ಲಿ ಹಾಕಲು ಹೇಳಿದರೆ ಲೆಕ್ಕ ಸಿಗುತ್ತದೆ.

ಚಟದ ಆಳ ತಿಳಿಯಲು ಒಂದು ಪ್ರಶ್ನೆ ಬಹಳ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಲ? ಸಿಗರೇಟಿಗಾಗಿ 1991ರಲ್ಲಿ ಬಂದ ಫಾಗರ್‌ಸ್ಟ್ರಾಮ್ ಪರೀಕ್ಷೆಯಲ್ಲಿ ಐದು ನಿಮಿಷದೊಳಗೆ ಅಂದವರಿಗೆ 3 ಅಂಕ, ಅರ್ಧ ಗಂಟೆಯೊಳಗೆ ಅಂದವರಿಗೆ 2, ಒಂದು ಗಂಟೆಯೊಳಗೆ 1, ಆಮೇಲೆ ಸೊನ್ನೆ. ಬಾಯಲ್ಲಿಡುವ ತಂಬಾಕಿಗೆ ಹೊಂದಿಸಿದ ರೂಪವೂ ಇದೆ.

ಮೂತ್ರ ಅಥವಾ ಜೊಲ್ಲಿನಲ್ಲಿ ಕೋಟಿನೈನ್ (ನಿಕೋಟಿನ್‌ನಿಂದ ಮೈಯೊಳಗೆ ತಯಾರಾಗುವ ವಸ್ತು) ಪರೀಕ್ಷೆ ಮಾಡುವ ಅನುಕೂಲ ಇದ್ದರೆ ಒಳ್ಳೆಯದು. ಆದರೆ ಅದು ಹಿಂದಿನ ಕೆಲವು ದಿನಗಳ ಕತೆ ಮಾತ್ರ ಹೇಳುತ್ತದೆ. ನಿಕೋಟಿನ್ ಗಮ್ ಅಗಿಯುತ್ತಿರುವವರಲ್ಲೂ ಕೋಟಿನೈನ್ ಕಾಣುತ್ತದೆ. ಉಸಿರಿನ ಕಾರ್ಬನ್ ಮೊನಾಕ್ಸೈಡ್ ಯಂತ್ರ ಬೀಡಿ, ಸಿಗರೇಟಿಗೆ ಸರಿ. ಬಾಯಲ್ಲಿಡುವ ತಂಬಾಕಿಗೆ ಅದರಿಂದ ಉಪಯೋಗ ಇಲ್ಲ.

ಯಾವಾಗ ಅಳೆಯಬೇಕು, ಹೇಗೆ ಎಣಿಸಬೇಕು

ಶುರುವಿಗೊಂದು, ಒಂದು ತಿಂಗಳಿಗೊಂದು, ಆರು ತಿಂಗಳಿಗೊಂದು ಅಳತೆ ಇರಲಿ. ಬಿಟ್ಟ ಮೊದಲ ಎರಡು ಮೂರು ದಿನ ಚಡಪಡಿಕೆ ಹೆಚ್ಚು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಹಾಗಾಗಿ ಒಂದೇ ವಾರಕ್ಕೆ ಹೋಗಿ ಅಳೆದು ಗೆದ್ದೆವು ಅಥವಾ ಸೋತೆವು ಅನ್ನುವಂತಿಲ್ಲ. ಕ್ಯಾಲೆಂಡರನ್ನೂ ನೋಡಿಕೊಳ್ಳಿ. ಶ್ರಾವಣದಲ್ಲಿ ವ್ರತ ಹಿಡಿದು ಚಟ ನಿಲ್ಲಿಸುವವರು ಇದ್ದಾರೆ. ರಂಜಾನ್ ತಿಂಗಳಲ್ಲಿ ಉಪವಾಸ ಮಾಡುವವರು ಹಗಲೆಲ್ಲ ಬಾಯಿಗೆ ಏನೂ ಹಾಕುವುದಿಲ್ಲ. ಆಗ ಅಳೆದರೆ ನಿಮ್ಮ ಕಾರ್ಯಕ್ರಮ ಗೆದ್ದಂತೆ ಕಾಣುತ್ತದೆ. ಬಿಡಲು ಶುರುಮಾಡಿಸುವುದಕ್ಕೆ ಅವು ಒಳ್ಳೆಯ ತಿಂಗಳು, ಅಳೆಯುವುದಕ್ಕೆ ಅಲ್ಲ. ಮಾರುಕಟ್ಟೆಯವರಲ್ಲಿ ಪೇಟೆ ದಿನಕ್ಕೂ ಬಿಡುವಿನ ದಿನಕ್ಕೂ ವ್ಯತ್ಯಾಸ ಇರುತ್ತದೆ. ಮೂರು ಸಲವೂ ಒಂದೇ ಥರದ ದಿನ ಆರಿಸಿಕೊಳ್ಳಿ.

ಎಣಿಕೆಯ ಒಂದು ಉದಾಹರಣೆ ಕೊಡುತ್ತೇನೆ, ಅಂಕಿ ಕಲ್ಪನೆಯದು. 40 ಜನರಿಂದ ಶುರುಮಾಡಿದಿರಿ. ಆರು ತಿಂಗಳಿಗೆ ಸಿಕ್ಕವರು 32. ಅವರಲ್ಲಿ 6 ಜನ ಬಿಟ್ಟಿದ್ದಾರೆ. 32ಕ್ಕೆ 6 ಅಂದರೆ ಶೇಕಡಾ 18.75. ಆದರೆ ಸಿಗದ 8 ಜನ ತಿನ್ನುತ್ತಲೇ ಇದ್ದಾರೆ ಅಂತ ಹಿಡಿಯುವುದು ಈ ಕ್ಷೇತ್ರದ ರೂಢಿ. ಆಗ 40ಕ್ಕೆ 6, ಅಂದರೆ ಶೇಕಡಾ 15. ಬರೆಯಬೇಕಾದ್ದು 15. ಕಾರ್ಯಕ್ರಮ ಇಲ್ಲದ ಪಕ್ಕದ ಊರಲ್ಲೂ ಇದೇ ಅಳತೆ ಮಾಡಿ ಹೋಲಿಸಿ. ಏನೂ ಮಾಡದಿದ್ದರೂ ಕೆಲವರು ಬಿಡುತ್ತಾರೆ.

ಬಿಟ್ಟವರ ಲೆಕ್ಕ ಒಂದನ್ನೇ ಹಿಡಿದು ಕೂರಬೇಡಿ. ಬಿಡುವ ಯೋಚನೆಯೇ ಇಲ್ಲದವರು ಎಷ್ಟು ಜನ ತಯಾರಿಗೆ ಬಂದರು, "ಗೆಳೆಯ ಕೊಟ್ಟಾಗ" ಅನ್ನುವಲ್ಲಿ ಕಾಳು ಎರಡರಿಂದ ಐದಕ್ಕೆ ಏರಿತೇ ಅಂತಲೂ ಬರೆಯಿರಿ. ಕಾಳು ಏರಿಯೂ ತಿನ್ನುವುದು ಕಡಿಮೆ ಆಗದಿದ್ದರೆ ನೀವು ಆರಿಸಿದ ಸಿದ್ಧಾಂತ ಈ ಜನಕ್ಕೆ ಹೊಂದಿಲ್ಲ ಅಂತ ಅರ್ಥ. ಅದನ್ನೂ ಮುಚ್ಚಿಡಬಾರದು.

ಹೋಗುವ ಮುಂಚೆ ನೋಡಿಕೊಳ್ಳಬೇಕಾದ್ದು

ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಉತ್ತರ ಕೊಡುವವರ ಒಪ್ಪಿಗೆ ಬೇಕು. ಹದಿನೆಂಟು ತುಂಬದವರಾದರೆ ಹೆತ್ತವರದೂ ಬೇಕು. ಅಂಗಡಿ ಮಾಲೀಕರ, ಮುಕಾದಮರ ಎದುರಿಗೆ ಕೇಳಬೇಡಿ. ಹೆಣ್ಣುಮಕ್ಕಳನ್ನು ಗಂಡಸರು ಕೇಳುವುದು ಬೇಡ. ಮಿಶ್ರಿಯ ವಿಷಯ ಹೊರಬರುವುದೇ ಇಲ್ಲ.

ಬಾಯಲ್ಲಿ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಇದ್ದವರು ಸಿಕ್ಕರೆ, ಮೂರು ಬೆರಳು ಒಳಗೆ ಹೋಗುವಷ್ಟು ಬಾಯಿ ತೆರೆಯಲು ಆಗದವರು ಸಿಕ್ಕರೆ, ಅವತ್ತೇ ದಂತ ವೈದ್ಯರ ಬಳಿ ಅಥವಾ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಸಮೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಬಿಡಬೇಕು ಅಂದವರಿಗೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ (ಬಿಡಲು ಫೋನಿನಲ್ಲೇ ಸಲಹೆ ಕೊಡುವ ಸೇವೆ) ನಂಬರ್ 1800-11-2356 ಬರೆದುಕೊಡಿ. ಕರೆಗೆ ದುಡ್ಡು ಬೀಳುವುದಿಲ್ಲ. ಓದಲು ಬಾರದವರಾದರೆ ಅವರ ಮೊಬೈಲಿನಲ್ಲಿ ನೀವೇ ಸೇವ್ ಮಾಡಿಕೊಟ್ಟು, ಒಮ್ಮೆ ಡಯಲ್ ಮಾಡಿ ತೋರಿಸಿ.